ಮಾವನ ಎದೆಯ ಸ್ಟೇಷನ್

ನಮ್ಮ ಕುಟುಂಬದಲ್ಲಿ ದಿನಾ ರೇಡಿಯೋದಲ್ಲಿ ಬರುತ್ತಿದ್ದವರು ನನ್ನ ಸೋದರಮಾವ ಒಬ್ಬರೇ. ಹಾಡುಗಾರರಲ್ಲ, ವಾರ್ತೆ ಓದುವವರೂ ಅಲ್ಲ, ಕಾಫಿ ಬೆಳೆಗಾರರು. ಬರುತ್ತಿದ್ದದ್ದು ಅವರ ಎದೆ!

ಮಾವನ ಹೃದಯ ತೀರ ನಿಧಾನ. ಆಗಾಗ ತಲೆಸುತ್ತಿ ಬೀಳುತ್ತಿದ್ದರು. ಮದರಾಸಿನ ಡಾಕ್ಟರು ಎದೆಯ ಚರ್ಮದಡಿ ಒಂದು ಪೆಟ್ಟಿಗೆ ಇಟ್ಟು, ಹೃದಯಕ್ಕೆ ತಂತಿ ಎಳೆದು ಕಳುಹಿಸಿದರು. ಪೇಸ್‌ಮೇಕರ್. ಬ್ಯಾಟರಿಯ ಬಲದಿಂದ ಹೃದಯವನ್ನು ಬಡಿಸುವ ಯಂತ್ರ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದನ್ನೇ ಇನ್ನೂ ಕ್ಷಮಿಸದ ಮಾವ, "ರಾಜ್ಯ ಮೈಸೂರಿನವರಿಗೆ ಹೋಯ್ತು, ಎದೆ ಮದರಾಸಿನವರಿಗೆ ಹೋಯ್ತು. ನಂಗೆ ಉಳಿದದ್ದು ಎಂಥ?" ಎಂದು ಗೊಣಗಿದರು.

ಊಟವಾದ ಮೇಲೆ ಟ್ರಾನ್ಸಿಸ್ಟರನ್ನು ಎದೆಯ ಮೇಲಿಟ್ಟುಕೊಂಡು ಮಲಗುವುದು ಅವರ ಅಭ್ಯಾಸ. ನಿದ್ದೆ ಹತ್ತಿದಾಗ ಅತ್ತೆ ಬಂದು ಮೆಲ್ಲಗೆ ಅದರ ಕಿವಿ ತಿರುಗಿಸಿ ಆರಿಸುತ್ತಿದ್ದರು. ಒಂದು ದಿನ ಮುಳ್ಳು ಯಾವ ಸ್ಟೇಷನ್ನೂ ಇಲ್ಲದ ಜಾಗದಲ್ಲಿ ನಿಂತಾಗ ಒಳಗಿನಿಂದ ಟಕ್... ಟಕ್... ಪೆಟ್ಟಿಗೆಯ ಮಿಡಿತವನ್ನು ರೇಡಿಯೋ ಹಿಡಿಯುತ್ತಿತ್ತು! ಅಂದಿನಿಂದ ಮನೆಗೆ ಬಂದವರಿಗೆ ಬಿಡುಗಡೆ ಉಂಟೇ? ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಜೆ ಕೇಳಲು ಬಂದ.

"ಮೊದಲು ಕೇಳು. ಹೇಗೆ ಉಂಟು?"

"ಚೆನ್ನಾಗಿದೆ ಧಣಿ. ಹಾಡು ಯಾವಾಗ ಬರುತ್ತೆ?"

ರಜೆ ಸಿಗಲಿಲ್ಲ!

ಮುಂದಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ನಡೆಯುತ್ತಿದ್ದ ದಿನಗಳ ಒಂದು ಬೆಳಿಗ್ಗೆ ಟಕ್‌ಟಕ್ ಅವಸರದಲ್ಲಿತ್ತು. ಮಾವನಿಗೆ ಸಂಭ್ರಮ.

"ಕೇಳು ಮಾರಾಯ! ಬ್ಯಾಟರಿ ಮುಗಿದ್ರೆ ಟಾರ್ಚು ಮಂಕಾಗ್ತದೆ. ಇದು ಓಡ್ತಾ ಉಂಟು. ನಂಗೆ ಪ್ರಾಯ ಬಂತು!"

ಟಾರ್ಚಿನ ಮಾತು ನಮಗೂ ಸರಿಯೆನಿಸಿತು. ಅತ್ತೆಗೆ ಮಾತ್ರ ಅನಿಸಲಿಲ್ಲ. "ಪ್ರಾಯ ಬಂದವರ ತುಟಿ ಹೀಗೆ ನೀಲಿ ಆಗ್ತದಾ? ಏಳಿ, ಮೈಸೂರಿಗೆ ಹೋಗುವ."

ಜೀಪು ನಾನೇ ಓಡಿಸಿದೆ. ಹಿಂದೆ ಅತ್ತೆಯ ಪಕ್ಕ ಮಾವ, ಮಡಿಲಲ್ಲಿ ರೇಡಿಯೋ. "ನಿನ್ನ ಜೀಪಿಗಿಂತ ನಾನೇ ಮುಂದೆ!" ಎಂದು ನಕ್ಕರು. ಅದೇ ಕೊನೆಯ ತಮಾಷೆ. ಸುಂಟಿಕೊಪ್ಪ ದಾಟುವಾಗ ಅವರ ತಲೆ ಅತ್ತೆಯ ಭುಜಕ್ಕೆ ವಾಲಿತು. ಮಿಡಿತಗಳು ಒಂದಕ್ಕೊಂದು ಅಂಟಿಕೊಂಡು, ತಗಡಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿದ್ದವು.

ಕುಶಾಲನಗರದ ಡಾಕ್ಟರು ಜೀಪಿನಲ್ಲೇ ಪರೀಕ್ಷಿಸಿದರು. "ಬ್ಯಾಟರಿ ಸೋತಾಗ ಈ ಪೆಟ್ಟಿಗೆ ಕೆಲವೊಮ್ಮೆ ಹುಚ್ಚು ಹಿಡಿದಂತೆ ಓಡುತ್ತದಂತೆ. ಪಾಪ, ಹೃದಯ ಎಷ್ಟು ದೂರ ಜೊತೆಗೆ ಓಡೀತು? ಅದು ನಿಂತಿದೆ. ಕೇಳುತ್ತಿರುವುದು ಬರೀ ಯಂತ್ರ."

ಮನೆಗೆ ತಂದು ಮಲಗಿಸಿದೆವು. ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ನಮ್ಮ ಕಡೆಯ ಪದ್ಧತಿ. ಹಿರಿಯರೊಬ್ಬರು ಕೋವಿ ಹಿಡಿದು ಅಂಗಳಕ್ಕಿಳಿದರು.

"ಬೇಡ" ಎಂದರು ಅತ್ತೆ. "ಇನ್ನೂ ಕೇಳ್ತಾ ಉಂಟು."

ಮಾವನ ಎದೆಯ ಮೇಲಿಟ್ಟ ರೇಡಿಯೋ ಮಿಡಿಯುತ್ತಲೇ ಇತ್ತು. ಕೋವಿ ಕಂಬಕ್ಕೆ ಒರಗಿ ನಿಂತಿತು. ಅತ್ತೆ ಕಣ್ಣು ಮುಚ್ಚಿ ಕೇಳುತ್ತ ಕೂತರು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಸರಿಯಿತು.

ಆಮೇಲೆ ಅತ್ತೆ ಬಾಗಿ, ಊಟವಾದ ಮೇಲೆ ದಿನಾ ಮಾಡುತ್ತಿದ್ದ ಹಾಗೆಯೇ, ಮೆಲ್ಲಗೆ ರೇಡಿಯೋದ ಕಿವಿ ತಿರುಗಿಸಿದರು. ಬಾಗಿಲಿಗೆ ಬಂದು ಹಿರಿಯರಿಗೆ ಹೇಳಿದರು:

"ಸ್ವಲ್ಪ ದೂರ ಹೋಗಿ ಹೊಡೀರಿ. ಈಗಷ್ಟೇ ಮಲಗಿದ್ದು."