ವಾಪಸ್ ಕೇಳಿದ ಹಲ್ಲು

ಹಲ್ಲು ಕಿತ್ತರೆ ರಗಳೆ ಮುಗಿಯಿತು ಎಂದು ಜನ ಅಂದುಕೊಳ್ಳುತ್ತಾರೆ. ದುಬೈನ ಪ್ರಯೋಗಾಲಯವೊಂದರಲ್ಲಿ ರೂಟ್ ಕೆನಾಲ್ ಸಂಶೋಧನೆಗೆ ಕಿತ್ತ ಹಲ್ಲು ಆರಿಸುತ್ತಿದ್ದ ನನಗೆ ರಗಳೆ ಶುರುವಾಗುತ್ತಿದ್ದುದೇ ಆಮೇಲೆ.

೧. ಟೀಚರಮ್ಮನ ಹಲ್ಲು

ನಮಗೆ ನೇರ ಬೇರಿನ, ಬಿರುಕಿಲ್ಲದ ಹಲ್ಲೇ ಆಗಬೇಕು. ವಾರಕ್ಕೊಮ್ಮೆ ಅಬುಧಾಬಿಗೆ ಹೋಗಿ, ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕಿನಲ್ಲಿ ಒಪ್ಪಿಗೆ ಕೊಟ್ಟವರ ಹಲ್ಲು ತರುತ್ತಿದ್ದೆ. ಒಬ್ಬ ಟೀಚರಮ್ಮನ ಹಲ್ಲನ್ನು ಬೇರು ಡೊಂಕೆಂದು ಬೇಡವೆಂದೆ. ಅವರ ಮುಖ ಸಣ್ಣದಾಯಿತು.

"ಮೂವತ್ತು ವರ್ಷ ಬೇರೆಯವರನ್ನು ಫೇಲ್ ಮಾಡಿದವಳು ನಾನು. ಗ್ರೇಸ್ ಮಾರ್ಕ್ಸ್ ಎಂತಾದ್ರೂ ಉಂಟಾ?"

೨. ಡ್ರೈವರರ ಷರತ್ತು

ಅಲ್ಲೇ ಸಿಕ್ಕವರು ಮಂಗಳೂರು ಕಡೆಯ ಒಬ್ಬ ಬ್ಯಾರಿ, ಕಂಪನಿ ಬಸ್ಸಿನ ಡ್ರೈವರ್. ಹಲ್ಲು ಕೊಡಲು ಒಪ್ಪಿದರು, ಆದರೆ ಕೆಲಸ ಮುಗಿದ ಮೇಲೆ ವಾಪಸ್ ಬೇಕು. "ಶರೀರದ ಚೂರಲ್ವಾ ಮೇಡಂ, ಮಣ್ಣಿಗೆ ಹಾಕ್ಬೇಕು." ನಾನು ಮಾತು ಕೊಟ್ಟೆ.

ಬೇರುಗಳೆಲ್ಲ ಒಂದೇ ಉದ್ದ ಇರಲೆಂದು ನಾವು ಹಲ್ಲಿನ ಮೇಲ್ಭಾಗ ಕತ್ತರಿಸಿ ಕಸಕ್ಕೆ ಹಾಕುತ್ತೇವೆ. ಅವರದನ್ನೂ ಹಾಕಿದ ಮೇಲೆಯೇ ನನಗೆ ನೆನಪಾದದ್ದು. ಗ್ಲೌಸ್ ಹಾಕಿ ಕಸದ ಡಬ್ಬಿ ಕೆದಕುತ್ತಿದ್ದಾಗ ನನ್ನ ಸಂಶೋಧನೆಯ ಗೈಡ್ ಬಂದರು.

"ಏನು ಕಳೆದುಹೋಯಿತು?"

"ಕೊಟ್ಟ ಮಾತು, ಸರ್."

ಹುಳುಕಿನ ಗುರುತಿನಿಂದ ಕೊನೆಗೂ ಸಿಕ್ಕಿತು.

೩. ಮರಳಿ ಕೊಟ್ಟ ದಿನ

ಆರು ತಿಂಗಳ ನಂತರ ಅವರು ಅದೇ ಕ್ಲಿನಿಕ್ಕಿಗೆ, ತಾವು ಕೆಲಸಕ್ಕಿದ್ದ ದೂರದ ಮದೀನತ್ ಜಾಯೆದ್‌ನಿಂದ ಬಂದರು. ಶುಚಿ ಮಾಡಿದ ಎರಡೂ ಚೂರುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ.

"ನಾನು ಕೊಟ್ಟದ್ದು ಒಂದು."

ತಪ್ಪಾಯಿತೆಂದು ಎಲ್ಲ ವಿವರಿಸಿದೆ. ಅವರು ಎರಡನ್ನೂ ಜೋಡಿಸಿ ನೋಡಿ, ಪೂರ್ತಿ ಇದೆಯೆಂದು ತಲೆಯಾಡಿಸಿದರು. ಆಮೇಲೆ ಬೇರಿನ ನಡುವಿನ ಗುಲಾಬಿ ಚುಕ್ಕೆ ಕಂಡಿತು.

"ಇದೆಂತ?"

"ರೂಟ್ ಕೆನಾಲ್ ಮಾಡಿ ತುಂಬಿಸಿದ್ದು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ನಿಮ್ಮದೇ," ಎಂದು ಹೆಮ್ಮೆಯಿಂದ ಹೇಳಿಬಿಟ್ಟೆ.

ಅವರು ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು. "ಅವತ್ತು ಕ್ಲಿನಿಕ್ಕಿಗೆ ನಾನು ಬಂದದ್ದು ಇದನ್ನು ಮಾಡಿಸ್ಲಿಕ್ಕೇ ಮೇಡಂ. ಮೂರು ಸಲ ಬರ್ಬೇಕು ಅಂದ್ರು. ಕಂಪನಿಯವರು ಒಂದೇ ದಿನ ರಜೆ ಕೊಟ್ಟದ್ದು. ಹಾಗೆ ಕೀಳಿಸಿದ್ದು."

ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅವರು ಬಟ್ಟೆಯ ಗಂಟನ್ನು ಜೋಪಾನವಾಗಿ ಜೇಬಿಗಿಟ್ಟು ಬಾಗಿಲವರೆಗೆ ಹೋದವರು ತಿರುಗಿದರು.

"ಈಗ ಪಕ್ಕದ್ದೂ ನೋಯ್ತಾ ಉಂಟು. ನನಗಂತೂ ರಜೆ ಸಿಗುದಿಲ್ಲ. ಹಲ್ಲನ್ನು ಮಾತ್ರ ಕಳಿಸಿದ್ರೆ, ಸರಿ ಮಾಡಿ ವಾಪಸ್ ಕೂರಿಸ್ಲಿಕ್ಕೆ ಆಗ್ತದಾ?"