ಅತ್ತೆಯ ರವಿಕೆ ಕಣ, ನನ್ನ ಮಾವಿನ ಮರ

ರವಿಕೆ ಕಣ ಎಂದರೆ ರವಿಕೆ ಹೊಲಿಸಿಕೊಳ್ಳುವ ಬಟ್ಟೆ ಎಂದು ನೀವು ತಿಳಿದಿದ್ದರೆ, ನಮ್ಮ ಕಡೆ ಒಂದು ಶ್ರಾವಣವನ್ನೂ ನೀವು ಕಳೆದಿಲ್ಲ ಎಂದೇ ಅರ್ಥ. ಅದು ಕೊಡುವುದಕ್ಕಾಗಿ ಇರುವ ಬಟ್ಟೆ. ಅರಿಶಿನ ಕುಂಕುಮಕ್ಕೆ ಹೋದಾಗ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ನಮ್ಮ ಮಡಿಲಿಗೆ ಬೀಳುತ್ತದೆ. ಮುಂದಿನ ಶುಕ್ರವಾರ ಇನ್ನೊಬ್ಬರ ಮಡಿಲಿಗೆ ಹೋಗುತ್ತದೆ. ಕೊಟ್ಟವರಿಗೇ ವಾಪಸ್ ಕೊಟ್ಟು ಮಾನ ಕಳೆದುಕೊಳ್ಳಬಾರದು, ಅಷ್ಟೇ. ನಮ್ಮ ಅತ್ತೆಗೆ ಯಾವ ಕಣ ಯಾರ ಮನೆಯಿಂದ ಬಂದದ್ದು ಎಂಬುದೆಲ್ಲ ಬಾಯಿಪಾಠ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಈ ವಿಷಯಕ್ಕೆ ಅವರದೇ ಕೊನೆಯ ಮಾತು. ಅಂಥವರು ಕಣ ಕೂಡಿಟ್ಟ ಟ್ರಂಕಿಗೆ ನಾನು ಕತ್ತರಿ ಹಾಕಿದೆ.

ನನ್ನದು ಹೈಸ್ಕೂಲಿನಲ್ಲಿ ಗುಮಾಸ್ತೆ ಕೆಲಸ. ಐವತ್ತು ದಾಟಿದ ಮೇಲೆ ಕಲಾವಿದೆಯಾಗುವ ಹುಚ್ಚು ಹತ್ತಿತು. ಮೊದಲು ಅಲಂಕಾರದ ಕಾಗದವನ್ನು ಕೈಯಲ್ಲೇ ತಯಾರಿಸಲು ಹೊರಟೆ. ಹಳೆಯ ಪೇಪರು ನೆನೆಹಾಕಿ, ಮಿಕ್ಸಿಯಲ್ಲಿ ರುಬ್ಬಿ, ಚೆಂಡುಹೂವಿನ ಎಸಳು ಸೇರಿಸಿ, ಜರಡಿಯ ಮೇಲೆ ತೆಳ್ಳಗೆ ಹರಡಿ ಒಣಗಿಸಿದೆ. ಎದ್ದು ಬಂದದ್ದು ಹೆಚ್ಚುಕಡಿಮೆ ಸಂಡಿಗೆ. ಮರುದಿನ ನಮ್ಮ ಯಜಮಾನರು ಚಟ್ನಿಯೊಳಗಿಂದ ಉದ್ದನೆಯ ನಾರೊಂದನ್ನು ಎಳೆದು, ಈ ತೆಂಗಿನಕಾಯಿ ಎಲ್ಲಿ ತಂದೆ ಎಂದು ಬಹಳ ಶಾಂತವಾಗಿ ವಿಚಾರಿಸಿದರು. ಅಲ್ಲಿಗೆ ಮಿಕ್ಸಿ ನನ್ನ ಕೈತಪ್ಪಿತು. ಆಮೇಲೆ ಹಿಡಿದದ್ದು ಚಿತ್ರದ ಕೌದಿ. ಬಣ್ಣಬಣ್ಣದ ಬಟ್ಟೆಯ ತುಂಡು ಜೋಡಿಸಿ ಹೊಲಿಯುವುದು. ಹೊದೆಯುವುದಕ್ಕಲ್ಲ, ಗೋಡೆಗೆ ತೂಗುಹಾಕುವುದಕ್ಕೆ.

ಅತ್ತೆ ಹತ್ತು ದಿನಕ್ಕೆಂದು ಮಾಲೂರಿನ ಮಗಳ ಮನೆಗೆ ಹೋಗಿದ್ದರು. ಶ್ರೀನಿವಾಸಪುರದ ಕಡೆಯ ಒಂದು ಮಾವಿನ ಮರ ನನ್ನ ತಲೆಯಲ್ಲಿ ಕೂತಿತ್ತು. ಎಲೆಗೆ ಒಂದೇ ಒಂದು ಹಸಿರು ಕಣ ಎಂದು ಟ್ರಂಕು ತೆಗೆದೆ. ಎಳೆ ಎಲೆಗೆ ಬೇರೆ ಹಸಿರು ಬೇಕಾಯಿತು. ಕಾಯಿಗೊಂದು, ದೋರೆಗಾಯಿಗೊಂದು, ಹಣ್ಣಿಗೆ ಮೂರು. ಮರದ ತುಂಬ ಫಲ ಬರುವ ಹೊತ್ತಿಗೆ ಟ್ರಂಕು ಖಾಲಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನವಿತ್ತು. ಬಂದ ಮುತ್ತೈದೆಯರ ಮುಂದೆ ಅತ್ತೆ ಬರಿಗೈಯಲ್ಲಿ ನಿಲ್ಲಬೇಕಲ್ಲ ಎಂಬ ಬುದ್ಧಿ ಆಗ ಬಂತು. ಅವರ ಮನಸ್ಸು ನೋಯುತ್ತದಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಅತ್ತೆ ಬಂದರು, ಗೋಡೆ ನೋಡಿದರು. ಅವರ ತವರು ಗಡಿಯ ಕಡೆ; ಕೋಪ ಬಂದರೆ ತೆಲುಗಿನಲ್ಲೇ ಬೈಯುವುದು. ನಾನು ತೆಲುಗಿಗಾಗಿ ಕಾದು ನಿಂತೆ. ಬರಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ತುಂಡು ಮುಟ್ಟುತ್ತಾ, ಈ ಎಲೆ ಆವನಿಯ ಶಾರದಮ್ಮನದು, ಈ ಹಣ್ಣು ಹೋಳೂರಿನ ಗೃಹಪ್ರವೇಶದ್ದು ಎಂದು ಹೇಳುತ್ತಾ ಹೋದರು. ಹಬ್ಬಕ್ಕೆ ಹೊಸದು ತಂದರಾಯಿತು ಬಿಡು ಎಂದರು. ಅಬ್ಬಾ, ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಅವರ ಬೆರಳು ಬುಡದ ಮಣ್ಣಿಗೆಂದು ನಾನು ಹಾಕಿದ್ದ ಇಟ್ಟಿಗೆ ಬಣ್ಣದ ತುಂಡಿನ ಮೇಲೆ ನಿಂತಿತು.

"ಇದು ಯಾರದು ಅಂತ ಗೊತ್ತಾ?"

ಗೊತ್ತಿಲ್ಲ ಎಂದೆ.

"ನಿನ್ನ ಮದುವೆ ಆದ ವರ್ಷ ಗೌರಿ ಹಬ್ಬಕ್ಕೆ ನಾನೇ ನಿಂಗೆ ಕೊಟ್ಟಿದ್ದು ಕಣೇ. ನೀನು ಯಾರಿಗೋ ಕೊಟ್ಟೆ. ಎಷ್ಟು ಮನೆ ಸುತ್ತಿತೋ, ಎರಡು ವರ್ಷದ ಮೇಲೆ ದೇವರಾಯಸಮುದ್ರದವರು ತಂದು ನನ್ನ ಮಡಿಲಿಗೇ ಹಾಕಿದ್ರು. ಆಮೇಲೆ ಯಾರಿಗೂ ಕೊಡಕ್ಕೆ ಮನಸ್ಸು ಬರ್ಲಿಲ್ಲ."

ಇಪ್ಪತ್ತೈದು ವರ್ಷ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ ಆ ಹೆಂಗಸು. ಅದನ್ನು ಯಾರಿಗೆ ಕೊಟ್ಟೆ ಎಂಬುದೂ ನನಗೆ ನೆನಪಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, ತಪ್ಪಾಯಿತು ಅತ್ತೆ ಎಂದೆ. ಅವರು ಆ ತುಂಡಿನ ಅಂಚನ್ನು ಉಗುರಿನಿಂದ ಎತ್ತಿ ನೋಡುತ್ತಿದ್ದರು. ನನ್ನ ಹೊಲಿಗೆ ಆಗಲೇ ಬಿಟ್ಟುಕೊಳ್ಳುತ್ತಿತ್ತು.

"ಸೂಜಿ ತಗೊಂಬಾ, ಇದೊಂದನ್ನ ನಾನೇ ಹೊಲಿತೀನಿ" ಎಂದರು. "ನಿನ್ನ ಕೈಲಿ ಇದು ನಿಲ್ಲಲ್ಲ."

ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದು ದಾರ ಪೋಣಿಸಿಕೊಡಲು ಕೂತೆ. ನಾಲ್ಕು ಸಲ ತಪ್ಪಿತು. ಕೊನೆಗೆ ಅವರೇ ನನ್ನ ಕೈಯಿಂದ ಸೂಜಿ ಕಿತ್ತುಕೊಂಡು, ಮೊದಲು ಕಣ್ಣು ಒರೆಸಿಕೋ ಎಂದರು.