ಕೈ ಹಿಡಿಯುವುದು ಮತ್ತು ಬಿಡುವುದರ ಕುರಿತು

ಆಡಳಿತ ಶಾಖೆ
ಕಣ್ಣಿನ ಆಸ್ಪತ್ರೆ, ಹುಬ್ಬಳ್ಳಿ
(ಆಸ್ಪತ್ರೆಯ ಪೂರ್ಣ ಹೆಸರು ಮೊಹರಿನಲ್ಲಿದೆ. ಮೊಹರಿನ ಮಸಿ ಒಣಗಿದೆ.)

ಸಂಖ್ಯೆ: ಕಆ/ಆಶಾ/ಕೈ.ಹಿ./ಪರಿಷ್ಕೃತ/2024-25
ದಿನಾಂಕ: 11.02.2025

ಸುತ್ತೋಲೆ

ವಿಷಯ: ಶಸ್ತ್ರಚಿಕಿತ್ಸೆಯ ವೇಳೆ ರೋಗಿಗಳ ಕೈ ಹಿಡಿಯುವ ಬಗ್ಗೆ, ಹಾಗೂ ಹಿಡಿದ ಕೈಯನ್ನು ಬಿಡುವ ಬಗ್ಗೆ.

ಓದಲಾಗಿದೆ:
1) ಧಾರವಾಡದ ಸಪ್ತಾಪುರದಲ್ಲಿ ಜರುಗಿದ ‘ಉದ್ದೇಶಪ್ರೇರಿತ ನಾಯಕತ್ವ ಹಾಗೂ ಸಹಾನುಭೂತಿಯ ಸೇವೆ’ ಎಂಬ ತರಬೇತಿಯ ನಡಾವಳಿ.
2) ಇದೇ ವಿಷಯದ ಮೇಲೆ ಈ ಕಚೇರಿಯ ಹಿಂದಿನ ಸುತ್ತೋಲೆ.
3) ಶ್ರೀ ಶಿದ್ದಪ್ಪ ಇವರ ದೂರು (ಬಾಯಿಮಾತಿನದು, ಆದ್ದರಿಂದ ‘ಕೇಳಲಾಗಿದೆ’ ಎಂದು ತಿದ್ದಿಕೊಳ್ಳುವುದು).
4) ಶುಶ್ರೂಷಾಧಿಕಾರಿ ಶ್ರೀಮತಿ ಜಯಮಾಲಾ ಇವರ ಸಮಜಾಯಿಷಿ.

ಪ್ರಸ್ತಾವನೆ:

ಮೇಲೆ (1)ರಲ್ಲಿ ಓದಲಾದ ತರಬೇತಿಯಲ್ಲಿ, ಆರೋಗ್ಯ ಸೇವೆಯಲ್ಲಿರುವ ಪ್ರತಿಯೊಬ್ಬರೂ ನಾಯಕರೇ ಎಂದು ತಿಳಿಸಲಾಯಿತು. ಎಲ್ಲರೂ ನಾಯಕರಾದಲ್ಲಿ ಹಿಂದೆ ನಡೆಯುವವರ ಹುದ್ದೆಗಳನ್ನು ಹೇಗೆ ಭರ್ತಿ ಮಾಡಬೇಕೆಂಬ ಬಗ್ಗೆ ಈ ಕಚೇರಿಯಿಂದ ಸ್ಪಷ್ಟೀಕರಣ ಕೋರಲಾಗಿದ್ದು, ಉತ್ತರವನ್ನು ನಿರೀಕ್ಷಿಸಲಾಗಿದೆ. ಅಷ್ಟರಲ್ಲಿ ಕೆಳಗಿನ ಸಂಗತಿಗಳು ಜರುಗಿದವು. ಅವುಗಳನ್ನು ಕಚೇರಿ ಭಾಷೆಗೆ ತಂದಾಗ ಅರ್ಥ ಕಡಿಮೆಯಾದ ಕಾರಣ, ಆಡಿದ ಮಾತುಗಳನ್ನು ಆಡಿದಂತೆಯೇ ದಾಖಲಿಸಲಾಗಿದೆ.

ಗೋಪನಕೊಪ್ಪದ ಲಾಲಬಿ ಎಂಬ ಹಿರಿಯರು ಹಳೆ ಬಟ್ಟೆಗಳಿಂದ ಹೊದಿಕೆಯ ಕೌದಿ ಹೊಲಿದು ಜೀವನ ಸಾಗಿಸುವವರು. ಎರಡೂ ಕಣ್ಣುಗಳಿಗೆ ಪೊರೆ ಬಂದು, ಸೂಜಿಯ ಕಣ್ಣು ಕಾಣದಂತಾಗಿ, ಗ್ಯಾರೇಜು ನಡೆಸುವ ಮಗ ಮುಕ್ತಾರನ ಬೈಕಿನ ಮೇಲೆ ಈ ಆಸ್ಪತ್ರೆಗೆ ಬಂದರು. ಸದರಿ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಕಣ್ಣನ್ನಷ್ಟೇ ಮರಗಟ್ಟಿಸಿ, ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ, ಅಲುಗಾಡಬಾರದೆಂದು ಸೂಚಿಸಲಾಗುತ್ತದೆ. ಬಲಗಣ್ಣಿಗೆ ಈ ಸಿದ್ಧತೆ ಮುಗಿದ ಕೂಡಲೇ ಲಾಲಬಿಯವರು ಎದ್ದು ಕುಳಿತರು.

“ಮಾರಿ ಮ್ಯಾಲ ಅರಿವಿ ಹಾಕಿ ಎಲ್ಲಾರೂ ಸುಮ್ಮನಾದ್ರ ಮನಷಾ ಏನಂತ ತಿಳಕೋಬೇಕ್ರಿ? ಯಾರರ ಒಬ್ಬರು ಮಾತಾಡ್ರಿ!” ಎಂದರು.

ಈ ಪ್ರಶ್ನೆಗೆ ತರಬೇತಿಯ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಅಲ್ಲಿದ್ದ ಶ್ರೀಮತಿ ಜಯಮಾಲಾ ಇವರು, ಯಾವುದೇ ಮೇಲಾಧಿಕಾರಿಯ ಪೂರ್ವಾನುಮತಿ ಪಡೆಯದೇ, ಬಟ್ಟೆಯ ಕೆಳಗಿನಿಂದ ರೋಗಿಯ ಕೈಯನ್ನು ಹಿಡಿದುಕೊಂಡರು. “ನಾ ಇಲ್ಲೇ ಅದೇನ್ರಿ ಅಮ್ಮಾ. ಹೆದರಿಕಿ ಬಂದ್ರ ನನ್ನ ಕೈ ಒತ್ರಿ, ಎಷ್ಟ ಬೇಕಾದಷ್ಟು ಒತ್ರಿ. ಏಳಬ್ಯಾಡ್ರಿ ಅಷ್ಟ.” ರೋಗಿ ಒತ್ತಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಶ್ರೀಮತಿ ಜಯಮಾಲಾ ಇವರ ಉಂಗುರ ಸೊಟ್ಟಗಾಯಿತು.

ಇಷ್ಟಕ್ಕೇ ನಿಂತಿದ್ದರೆ ಸುತ್ತೋಲೆಯ ಅವಶ್ಯಕತೆ ಇರಲಿಲ್ಲ. ಆದರೆ ಲಾಲಬಿಯವರು ವಾರ್ಡಿನಲ್ಲಿ, “ಜಯಕ್ಕನ ಕೈ ಹಿಡಕೊಂಡ್ರ ಕಣ್ಣ ಕೊಯ್ದದ್ದ ಗೊತ್ತಾಗಂಗಿಲ್ಲ ನೋಡ್ರಿ,” ಎಂದು ಪ್ರಚಾರ ಮಾಡಿದ್ದರಿಂದ, ಮರುದಿನದಿಂದ ರೋಗಿಗಳು ಕೈ ಕೇಳತೊಡಗಿದರು. ಹಿಂದಿನ ವಾರವೇ ಯಾರ ಕೈಯನ್ನೂ ಹಿಡಿಯದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಸಪ್ತಾಪುರದ ನಿವೃತ್ತ ಗುಮಾಸ್ತ ಶ್ರೀ ಶಿದ್ದಪ್ಪ ಇವರು ಕಚೇರಿಗೆ ಬಂದು, “ನನ್ನ ಕೈಗೇನ ಹುಳಾ ಹತ್ಯಾವೇನ್ರಿ?” ಎಂದು ದೂರಿದರು. ಪರಿಶೀಲಿಸಲಾಗಿ ಹುಳ ಕಂಡುಬರಲಿಲ್ಲ.

ಆದ್ದರಿಂದ ಎಲ್ಲ ರೋಗಿಗಳಿಗೂ ಸಮಾನವಾಗಿ ಕೈ ಒದಗಿಸುವ ಸದುದ್ದೇಶದಿಂದ, ಮೇಲೆ (2)ರಲ್ಲಿ ಓದಲಾದ ಸುತ್ತೋಲೆಯನ್ನು ಹೊರಡಿಸಲಾಯಿತು. ಅದರಂತೆ ಸಿಬ್ಬಂದಿ ಕೈ ಹಿಡಿಯುವುದನ್ನು ನಿಷೇಧಿಸಿ, ರಬ್ಬರ್ ಕೈಗವಸಿನಲ್ಲಿ ಬೆಚ್ಚಗಿನ ನೀರು ತುಂಬಿ, ಬಾಯಿ ಕಟ್ಟಿ, ‘ಬದಲಿ ಕೈ’ ಎಂಬ ಹೆಸರಿನಲ್ಲಿ ಪ್ರತಿ ರೋಗಿಗೆ ಒಂದರಂತೆ ವಿತರಿಸಲಾಯಿತು. ಬದಲಿ ಕೈಗೆ ರಜೆ ಬೇಕಿಲ್ಲ, ಉಂಗುರವಿಲ್ಲ, ಅದು ಯಾರ ಪರವಾಗಿಯೂ ಪಕ್ಷಪಾತ ಮಾಡುವುದಿಲ್ಲ ಎಂದು ಆಗ ಅಭಿಪ್ರಾಯಪಡಲಾಗಿತ್ತು.

ಲಾಲಬಿಯವರ ಎಡಗಣ್ಣಿನ ಸರದಿ ಬಂದಾಗ ಬದಲಿ ಕೈಯನ್ನೇ ಕೊಡಲಾಯಿತು. ಅವರು ಬಟ್ಟೆಯ ಕೆಳಗೆ ಅದನ್ನು ಒಮ್ಮೆ ಒತ್ತಿ ನೋಡಿದರು. “ಇದ್ಯಾರ ಕೈರಿ?” ಎಂದರು. ಅದು ಯಾರದೂ ಆಗಿರಲಿಲ್ಲ. ಅವರು ಮತ್ತೊಮ್ಮೆ ಒತ್ತಿದರು. “ಯಾ ಅಲ್ಲಾ, ಇದರಾಗ ಎಲುಬ ಇಲ್ಲಲ್ರೀ!” ಎಂದು ಚೀರಿ ಎದ್ದರು. ಬದಲಿ ಕೈ ಒಡೆಯಿತು. ಪುಣ್ಯಕ್ಕೆ ಶಸ್ತ್ರಚಿಕಿತ್ಸಕರಾದ ಡಾ. ಮಯೂರಿ ಇವರು ಇನ್ನೂ ಆಯುಧವನ್ನು ಕಣ್ಣಿಗೆ ತಾಗಿಸಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಆಗಿದ್ದರೆ ಆ ಕಣ್ಣು ಹೋಗುತ್ತಿತ್ತು ಎಂದು ಅವರು ಲಿಖಿತವಾಗಿ ತಿಳಿಸಿದ್ದಾರೆ. ಅದೇ ಟಿಪ್ಪಣಿಯಲ್ಲಿ ಆಡಳಿತ ಶಾಖೆಯ ಕುರಿತು ಅವರು ಬರೆದ ಇನ್ನೊಂದು ವಾಕ್ಯವನ್ನು ಇಲ್ಲಿ ಉಲ್ಲೇಖಿಸುವ ಅಗತ್ಯ ಕಂಡುಬಂದಿಲ್ಲ.

ಲಾಲಬಿಯವರು ಒದ್ದೆ ಸೀರೆಯಲ್ಲಿ ಮನೆಗೆ ಹೋದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಫೋನು ಮಾಡಿದಾಗ ಮುಕ್ತಾರ, “ಒಂದ ಕಣ್ಣ ಸಾಕು ಅಂತಾಳ್ರಿ ನಮ್ಮಮ್ಮ. ನಾ ಏನ ಹೇಳಿದ್ರೂ ಕೇಳವಲ್ಲಳು,” ಎಂದರು. ಈ ಉತ್ತರವನ್ನು ದಾಖಲಿಸಿಕೊಂಡು ಪ್ರಕರಣವನ್ನು ಮುಕ್ತಾಯಗೊಳಿಸಲಾಯಿತು.

ಹೀಗೆ ಮುಕ್ತಾಯಗೊಂಡ ಪ್ರಕರಣದಲ್ಲಿ ಶ್ರೀಮತಿ ಜಯಮಾಲಾ ಇವರು ತಮ್ಮ ವಾರದ ರಜೆಯ ದಿನ ಗೋಪನಕೊಪ್ಪಕ್ಕೆ ಹೋಗಿ, ರೋಗಿಯನ್ನು ಒಪ್ಪಿಸಿ ಬಂದರು. ಅನುಮತಿ ಇಲ್ಲದೆ ನಾಯಕತ್ವ ವಹಿಸಿದ್ದಕ್ಕೆ ಕಾರಣ ಕೇಳಿ ಅವರಿಗೆ ನೋಟಿಸು ನೀಡಲಾಯಿತು. ಸಮಜಾಯಿಷಿ ನೀಡಲು ಕಚೇರಿಗೆ ಕರೆಸಿದಾಗ ಅವರು ನಿಂತುಕೊಂಡೇ ಹೇಳಿದ್ದು ಹೀಗಿದೆ:

“ಸೂಟಿ ದಿನ ನಾ ಎಲ್ಲಿಗಿ ಹೋಗಬೇಕನ್ನೋದು ನನಗ ಬಿಟ್ಟದ್ದರಿ ಸರ್. ಅವರ ಮನ್ಯಾಗ ಚಹಾ ಕುಡದೆ. ಒಂದ ಕಣ್ಣಾಗ ನೋಡಿ ಹೊಲಿದ ಕೌದಿ ತೋರಿಸಿದ್ರು. ಹೊಲಿಗಿ ಎಲ್ಲಾ ಒಂದ ಕಡೆ ಜಗ್ಗ್ಯಾವು. ‘ನಾನರ ಬಂದೇನು, ಖರೇ ಆ ಎಲುಬ ಇಲ್ಲದ ಕೈ ಮಾತ್ರ ಬ್ಯಾಡವಾ’ ಅಂದ್ರು. ಕೈ ನಾ ಕೊಡ್ತೇನಿ ಅಂತ ಮಾತ ಕೊಟ್ಟ ಬಂದೇನಿ. ಇವತ್ತ ಅವರು ಒಳಗ ಟೇಬಲ್ ಮ್ಯಾಲ ಮಲಗ್ಯಾರ, ನಾ ಇಲ್ಲಿ ನಿಮ್ಮ ಮುಂದ ನಿಂತೇನಿ. ಬಿಟ್ರ ಹೋಗತೇನ್ರಿ.”

ನೋಟಿಸಿನ ವಿಚಾರಣೆ ಅಪೂರ್ಣವಾಗಿದ್ದುದರಿಂದ ಅವರನ್ನು ಬಿಡಲು ಅವಕಾಶವಿರಲಿಲ್ಲ. ಅಷ್ಟರಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಆಡಳಿತಾಧಿಕಾರಿಗೆ ಡಾ. ಮಯೂರಿ ಇವರ ಫೋನು ಬಂತು. “ಶಿವಯೋಗೀಶ ಅವರ, ಲಾಲಬಿ ಅವರು ಕೈ ಸಿಗೂತನಕ ಅರಿವಿ ಹಾಕಾಕ ಬಿಡಂಗಿಲ್ಲ ಅನ್ನಾಕತ್ತಾರ. ಜಯಮಾಲಾನ್ನ ಕಳಸ್ರಿ. ಇಲ್ಲಾಂದ್ರ ನೀವ ಬರ್ರಿ.”

ಎರಡು ಸೂಚನೆಗಳಲ್ಲಿ ನಿಯಮಾನುಸಾರವಾದದ್ದು ಎರಡನೆಯದೇ ಎಂದು ಭಾವಿಸಿ, ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಟೊಪ್ಪಿಗೆ, ಮುಖಗವಸು, ಹಸಿರು ನಿಲುವಂಗಿ ತೊಟ್ಟು, (2)ರ ಸುತ್ತೋಲೆಯ ನಿಷೇಧವನ್ನು ರೋಗಿಗೆ ಖುದ್ದಾಗಿ ವಿವರಿಸಲು ಒಳಗೆ ಹೋದರು. “ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ” ಎಂಬಲ್ಲಿಯವರೆಗೆ ವಿವರಿಸಿದಾಗ ರೋಗಿಯು ಧ್ವನಿ ಬಂದ ಕಡೆಗೆ ಕೈ ಚಾಚಿ, ಅಧಿಕಾರಿಯ ಬಲಗೈಯನ್ನು ಹಿಡಿದುಕೊಂಡರು. ಮಣಿಕಟ್ಟಿನಿಂದ ಬೆರಳಿನವರೆಗೆ ಒಮ್ಮೆ ಸವರಿ, “ಹಾಂ, ಎಲುಬ ಅದಾವ,” ಎಂದು ಮಲಗಿದರು. ಮುಖದ ಮೇಲೆ ಬಟ್ಟೆ ಬಿತ್ತು.

ಸದರಿ ಅಧಿಕಾರಿಯು ಈ ಆಸ್ಪತ್ರೆಯಲ್ಲಿ ಸೇವೆ ಆರಂಭಿಸಿದಾಗಿನಿಂದ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಕಂಡವರಲ್ಲ. ಎದುರಿನ ಪರದೆಯ ಮೇಲೆ ಒಂದು ಕಣ್ಣು ಗೋಡೆಯಷ್ಟು ದೊಡ್ಡದಾಗಿ ಕಾಣಿಸಿ, ಅದರೊಳಗೆ ಆಯುಧ ಇಳಿಯಿತು. ಅಧಿಕಾರಿಯ ಕೈ ನಡುಗಿತು, ಬೆವರಿತು. ಬಟ್ಟೆಯ ಕೆಳಗಿನಿಂದ ಮೆಲ್ಲನೆಯ ಧ್ವನಿ ಕೇಳಿಬಂತು.

“ಯಾಕೋ ತಮ್ಮಾ, ಅಷ್ಟ್ಯಾಕ ನಡಗಾಕತ್ತೀ? ಅಂಜಬ್ಯಾಡ. ಡಾಕ್ಟರಬಾಯಿ ಛಲೋ ಮಾಡ್ತಾರ. ನನ್ನ ಕೈ ಗಟ್ಟಿ ಹಿಡಕೋ.”

ಅಧಿಕಾರಿಯು ಗಟ್ಟಿಯಾಗಿ ಹಿಡಿದುಕೊಂಡರು. ಸೂಜಿ ಚುಚ್ಚಿ ಚುಚ್ಚಿ ಗಡಸಾದ ಆ ಬೆರಳುಗಳು ಅವರ ಕೈಯನ್ನು ಆಗಾಗ ತಟ್ಟುತ್ತಿದ್ದವು, ಕೂಸನ್ನು ತಟ್ಟಿದಂತೆ. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಮುಗಿದ ನಂತರವೂ, ರೋಗಿಯೇ ಬಿಡುವವರೆಗೆ, ಅಧಿಕಾರಿಯು ಕೈ ಬಿಡಿಸಿಕೊಳ್ಳಲಿಲ್ಲ. ಕಾರಣ ಕಡತದಲ್ಲಿ ಲಭ್ಯವಿರುವುದಿಲ್ಲ.

ಕಚೇರಿಗೆ ಹಿಂದಿರುಗಿದಾಗ ಶ್ರೀಮತಿ ಜಯಮಾಲಾ ಇವರು ಅದೇ ಸ್ಥಳದಲ್ಲಿ ನಿಂತಿದ್ದರು. “ಆತೇನ್ರಿ ಸರ್?” ಎಂದು ಮಾತ್ರ ಕೇಳಿದರು. “ಆತ್ರಿ. ನೀವ ಹೋಗಿ ಒಂದ ಸಲ ಮಾತಾಡಸ್ರಿ. ನಿಮ್ಮನ್ನ ಕೇಳಾಕತ್ತಾರ,” ಎಂದು ಅವರಿಗೆ ಮೌಖಿಕವಾಗಿ ಆದೇಶಿಸಲಾಯಿತು. ಆದೇಶವು ಪೂರ್ಣಗೊಳ್ಳುವ ಮೊದಲೇ ಅವರು ಹೋಗಿದ್ದರು. ಅವರ ಸಮಜಾಯಿಷಿಯನ್ನು ಒಪ್ಪಿ, ನೋಟಿಸನ್ನು ಹಿಂಪಡೆಯಲಾಗಿದೆ.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಕೆಳಕಂಡಂತೆ ಸೂಚಿಸಲಾಗಿದೆ:

1. ಮೇಲೆ (2)ರಲ್ಲಿ ಓದಲಾದ ಸುತ್ತೋಲೆಯನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಬದಲಿ ಕೈಗಳನ್ನು ನೀರು ಚೆಲ್ಲಿ, ಬೆರಳು ಎಣಿಸಿ, ಉಗ್ರಾಣಕ್ಕೆ ಒಪ್ಪಿಸತಕ್ಕದ್ದು.

2. ಈ ಸುತ್ತೋಲೆಯ ಉದ್ದೇಶಕ್ಕಾಗಿ ‘ಕೈ ಹಿಡಿಯುವುದು’ ಎಂದರೆ ಕೈಯನ್ನು ಹಿಡಿಯುವುದು. ಮದುವೆ ಎಂಬ ಅರ್ಥವನ್ನು ಕಲ್ಪಿಸಿಕೊಳ್ಳತಕ್ಕದ್ದಲ್ಲ. ಈ ಬಗ್ಗೆ ಶುಭಾಶಯ ಕೋರಿ ಬಂದ ಪತ್ರಗಳನ್ನು ಹಿಂದಿರುಗಿಸಲಾಗಿದೆ.

3. ‘ರೋಗಿಗೆ ಸಿಬ್ಬಂದಿ ಕೈ ಕೊಟ್ಟರು’ ಎಂದು ಕಡತಗಳಲ್ಲಿ ಬರೆಯಕೂಡದು. ಹಾಗೆ ಬರೆದ ಒಂದು ಟಿಪ್ಪಣಿಯಿಂದಾಗಿ ಕರ್ತವ್ಯನಿಷ್ಠ ಸಿಬ್ಬಂದಿಯೊಬ್ಬರ ಮೇಲೆ ವಂಚನೆಯ ವಿಚಾರಣೆ ಆರಂಭವಾಗಿದ್ದು, ಅದನ್ನು ನಿಲ್ಲಿಸುವ ವಿಧಾನವನ್ನು ಹುಡುಕಲಾಗುತ್ತಿದೆ.

4. ಕೈ ತಣ್ಣಗಿರುವವರು ಚಹಾದ ಲೋಟ ಹಿಡಿದು ಬೆಚ್ಚಗೆ ಮಾಡಿಕೊಳ್ಳತಕ್ಕದ್ದು. ಲೋಟದೊಳಗಿನ ಚಹಾದ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಅಲ್ಲಿಯವರೆಗೆ ಆರಲು ಬಿಡಬಾರದು.

5. ಕೈ ಹಿಡಿದಿರುವಷ್ಟು ಹೊತ್ತು ಹಿಡಿದವರೇ ಆ ಕೊಠಡಿಯ ನಾಯಕರು. ಇತರರ ಹುದ್ದೆ, ದರ್ಜೆ, ಜ್ಯೇಷ್ಠತೆಗಳು ಆ ಅವಧಿಗೆ ಬಾಗಿಲ ಹೊರಗೆ ಚಪ್ಪಲಿಗಳ ಜೊತೆ ಇರತಕ್ಕದ್ದು. ಇದರಿಂದ (1)ರ ತರಬೇತಿಯ ಬಗ್ಗೆ ಕೋರಿದ್ದ ಸ್ಪಷ್ಟೀಕರಣ ತಾನಾಗಿಯೇ ದೊರೆತಂತಾಗಿದ್ದು, ಉತ್ತರ ಬಂದರೆ ತೆರೆಯುವುದು ಬೇಡ.

6. ರೋಗಿಯೇ ಸಿಬ್ಬಂದಿಗೆ ಧೈರ್ಯ ಹೇಳಿದ ಪಕ್ಷದಲ್ಲಿ, ಸದರಿ ಧೈರ್ಯವನ್ನು ಸ್ವೀಕರಿಸತಕ್ಕದ್ದು. ‘ನನಗೇನೂ ಹೆದರಿಕೆಯಿಲ್ಲ’ ಎಂದು ಸುಳ್ಳು ಹೇಳಿಕೆ ನೀಡುವವರ ಮೇಲೆ ಕ್ರಮ ಜರುಗಿಸಲಾಗುವುದು.

7. ಈ ಹಿಂದೆ ಕೈ ದೊರೆಯದೆ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಕೈಯನ್ನು ಪೂರ್ವಾನ್ವಯವಾಗಿ ಮಂಜೂರು ಮಾಡಲಾಗಿದೆ. ಶ್ರೀ ಶಿದ್ದಪ್ಪ ಇವರು ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಬಂದಾಗ ಬಾಕಿ ಕೈಯನ್ನು ಪಡೆದಿದ್ದಾರೆ. ಸ್ವೀಕೃತಿ ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದು, ಅದನ್ನೇ ಸ್ವೀಕೃತಿಯೆಂದು ಪರಿಗಣಿಸಲಾಗಿದೆ. ಹನಿ ಹಾಕಿದ ಕಣ್ಣನ್ನು ಒರೆಸಿಕೊಳ್ಳಬಾರದೆಂದು ಅವರಿಗೆ ಎಚ್ಚರಿಕೆಯನ್ನೂ ನೀಡಲಾಗಿದೆ.

8. ಹಿಡಿದ ಕೈಯನ್ನು ಬಿಡುವ ಅಧಿಕಾರವು ರೋಗಿಗೆ ಮಾತ್ರ ಇರುತ್ತದೆ. ಸಿಬ್ಬಂದಿಯು ಕೆಲಸದ ಅವಧಿ ಮುಗಿದಿದೆ, ಊಟದ ಹೊತ್ತಾಗಿದೆ, ಮೇಲಾಧಿಕಾರಿಗಳು ಕರೆಯುತ್ತಿದ್ದಾರೆ ಎಂಬ ಕಾರಣಗಳಿಗಾಗಿ ಕೈ ಎಳೆದುಕೊಳ್ಳಬಾರದು. ಮೇಲಾಧಿಕಾರಿಗಳು ಕಾಯುತ್ತಾರೆ. ಕಾದು ಅವರಿಗೆ ಅಭ್ಯಾಸವಾಗಲಿ.

ಈ ಸುತ್ತೋಲೆಯಲ್ಲಿ ಹೇಳದೆ ಉಳಿದ ಸಂದರ್ಭಗಳು ಎದುರಾದಲ್ಲಿ, ಕಚೇರಿಗೆ ಬರೆದು ಉತ್ತರ ಕಾಯದೆ, ಎದುರಿಗೆ ಮಲಗಿರುವವರನ್ನು ಕೇಳಿ ನಡೆದುಕೊಳ್ಳಲು ಸೂಚಿಸಲಾಗಿದೆ.

ಸಹಿ/-
(ಶಿವಯೋಗೀಶ)
ಆಡಳಿತಾಧಿಕಾರಿ

ಷರಾ: ಸಹಿಯು ಹಿಂದಿನ ಸಹಿಗಳನ್ನು ಹೋಲುವುದಿಲ್ಲವೆಂದು ಆಕ್ಷೇಪಿಸಬಾರದು. ಕಡತವನ್ನು ಶಸ್ತ್ರಚಿಕಿತ್ಸಾ ಕೊಠಡಿಗೇ ತರಿಸಿಕೊಂಡು ಎಡಗೈಯಿಂದ ಸಹಿ ಮಾಡಲಾಗಿದೆ. ಬಲಗೈಯನ್ನು ಇಂದಿನ ರೋಗಿಯೊಬ್ಬರು ಹಿಡಿದಿದ್ದು, ಮೇಲಿನ ಕಲಂ 8ರನ್ವಯ, ಅದು ಈವರೆಗೆ ಬಿಡುಗಡೆಯಾಗಿರುವುದಿಲ್ಲ.

ಪ್ರತಿಗಳು:
1. ಡಾ. ಮಯೂರಿ, ನೇತ್ರ ಶಸ್ತ್ರಚಿಕಿತ್ಸಕರು: ಮಾಹಿತಿಗಾಗಿ. ಇವರ ಎರಡೂ ಕೈಗಳಿಗೆ ವಿನಾಯಿತಿ ನೀಡಲಾಗಿದೆ.
2. ಶ್ರೀಮತಿ ಜಯಮಾಲಾ, ಶುಶ್ರೂಷಾಧಿಕಾರಿ: ಮಾಹಿತಿಗಾಗಿ. ಪಾಲನೆ ಈಗಾಗಲೇ ಆಗಿದೆ.
3. ಲೆಕ್ಕ ಶಾಖೆ: ಈ ಬಾಬ್ತು ಯಾವುದೇ ಲೆಕ್ಕ ಇಡದಿರಲು.
4. ತರಬೇತಿ ಸಂಸ್ಥೆ, ಧಾರವಾಡ: ಮುಂದಿನ ತರಬೇತಿಯಲ್ಲಿ ಊಟದ ನಂತರದ ಉಪನ್ಯಾಸದ ಬದಲಿಗೆ ಬಳಸಲು.
5. ಶ್ರೀಮತಿ ಲಾಲಬಿ, ಗೋಪನಕೊಪ್ಪ: ಮಗನ ಮೂಲಕ. ಜೊತೆಗೆ, ಕಚೇರಿಯ ಬಳಕೆಗಲ್ಲದ ಒಂದು ಕೌದಿಗೆ ಸ್ವಂತ ಬೇಡಿಕೆ ಲಗತ್ತಿಸಿದೆ.
6. ಸೂಚನಾ ಫಲಕ: ದಪ್ಪ ಅಕ್ಷರಗಳಲ್ಲಿ ಬರೆದು, ಕೆಳಗೆ ಹಚ್ಚತಕ್ಕದ್ದು. ಓದುವವರು ಕಣ್ಣಿನ ಆಸ್ಪತ್ರೆಗೆ ಬಂದವರು.